ಹಿಟ್ಟು ಅಗಿಯಬಾರದು, ನುಂಗಬೇಕು

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಮಂಡ್ಯದಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ನನಗೆ ಗೊತ್ತಾದದ್ದು 26ನೇ ವಯಸ್ಸಿನಲ್ಲಿ, ಊಟ ಅಂದರೆ ಭಯ ಬೀಳುತ್ತಿದ್ದ ಕಾಲದಲ್ಲಿ.

ನಾನು ಕುಂದಾಪುರದ ಕಡೆಯವನು. ಕುಚ್ಚಲಕ್ಕಿ ಗಂಜಿ, ಮೀನು, ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ತಿಂದು ಬೆಳೆದೆ. ಓದಲು ಮೈಸೂರಿಗೆ ಬಂದೆ. ಕೆಲಸ ಸಿಕ್ಕಿದ್ದು ಮಂಡ್ಯದಲ್ಲಿ. ಮೈಸೂರಿನಲ್ಲಿದ್ದಾಗಲೇ ನನಗೆ ಅನೊರೆಕ್ಸಿಯಾ ಶುರುವಾಗಿತ್ತು, ಅಂದರೆ ದಪ್ಪ ಆಗುವ ಭಯಕ್ಕೆ ಊಟ ಬಿಡುತ್ತಾ ಹೋಗುವ ಮಾನಸಿಕ ಕಾಯಿಲೆ. ಆಗ ಅದು ಕಾಯಿಲೆ ಥರ ಕಾಣಲೇ ಇಲ್ಲ. ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೆ. ಎಣ್ಣೆ ಬಿಟ್ಟೆ, ಸಕ್ಕರೆ ಬಿಟ್ಟೆ, ಆಮೇಲೆ ಅನ್ನ ಬಿಟ್ಟೆ. ಎಲ್ಲರೂ ಹೊಗಳಿದರು. ‘ಹೆಲ್ದಿ’ ಅನ್ನುವ ಒಂದು ಮಾತಿನ ಹಿಂದೆ ಎಲ್ಲವನ್ನೂ ಮುಚ್ಚಿಡಬಹುದಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಹೆದರದೆ ತಿನ್ನುವ ಪದಾರ್ಥಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ತೂಕ ಎಷ್ಟಿತ್ತು, ಎಷ್ಟು ಕ್ಯಾಲರಿ ತಿನ್ನುತ್ತಿದ್ದೆ ಅಂತ ಇಲ್ಲಿ ಬರೆಯುವುದಿಲ್ಲ. ಬೇರೆಯವರ ಅಂಕಿ ಓದಿ, ಅವರಿಗಿಂತ ಕಡಿಮೆ ಮಾಡಬೇಕು ಅಂತ ಹಟ ಹಿಡಿದ ರಾತ್ರಿಗಳು ನನಗಿನ್ನೂ ನೆನಪಿವೆ. ಇದನ್ನು ಓದುವವರಲ್ಲಿ ಒಬ್ಬರಿಗಾದರೂ ಹಾಗಾಗುವುದು ಬೇಡ.

ನಾನು ಮೊದಲು ತೋರಿಸಿದ ಡಾಕ್ಟರೊಬ್ಬರು ‘ಗಂಡು ಹುಡುಗರಿಗೆ ಇದೆಲ್ಲ ಬರಲ್ಲ, ಚೆನ್ನಾಗಿ ಊಟ ಮಾಡಿ’ ಅಂದು ಕಳಿಸಿದರು. ಅದರಿಂದ ಒಂದು ವರ್ಷ ಹಾಳಾಯಿತು. ಆಮೇಲೆ ಸಿಕ್ಕ ಮನೋವೈದ್ಯರು ಬೇರೆ ಥರ ಇದ್ದರು. ನನಗೊಂದು ಹಳೆಯ ಪ್ರಯೋಗದ ಕತೆ ಹೇಳಿದರು. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆ ಪಡೆದು, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಆ ಹುಡುಗರು ದಿನವಿಡೀ ಊಟದ ಬಗ್ಗೆಯೇ ಯೋಚಿಸತೊಡಗಿದರು. ಕೆಲವರು ಅಡುಗೆ ಪುಸ್ತಕ ಕೂಡಿಟ್ಟರು. ತಟ್ಟೆ ಮುಂದೆ ಗಂಟೆಗಟ್ಟಲೆ ಕೂತರು. ಮಂಕಾದರು, ಯಾರ ಜೊತೆಗೂ ಸೇರದಾದರು. ಕೇಳುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಫೋನಿನಲ್ಲಿ ನಾನು ಕೂಡಿಟ್ಟಿದ್ದ ನೂರಾರು ಅಡುಗೆ ವಿಡಿಯೋಗಳು, ಒಂದೊಂದು ತುತ್ತನ್ನೂ ಎಣಿಸಿ ಎಣಿಸಿ ಅಗಿಯುವ ನನ್ನ ಚಟ, ಇವೆಲ್ಲ ನನ್ನ ಹುಚ್ಚು ಅಂದುಕೊಂಡಿದ್ದೆ. ಎಷ್ಟೋ ಮಟ್ಟಿಗೆ ಅದು ಹಸಿವಿನ ಕೆಲಸವಾಗಿತ್ತು.

ಊಟ ಹೆಚ್ಚು ಮಾಡುವ ಮೊದಲ ವಾರಗಳಲ್ಲಿ ಪದೇಪದೇ ರಕ್ತಪರೀಕ್ಷೆ ಮಾಡಿಸಿದರು. ಬಹಳ ದಿನ ಕಡಿಮೆ ತಿಂದ ಮೈಗೆ ಒಮ್ಮೆಲೇ ಜಾಸ್ತಿ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಇಳಿಯಬಹುದು. ಹೃದಯಕ್ಕೆ ಅಪಾಯ. ಅದಕ್ಕೇ ನನ್ನ ಥರ ಇದ್ದ ಹುಡುಗನೊಬ್ಬ ಹೋದ ವರ್ಷ ಫೋನ್ ಮಾಡಿ ಏನು ತಿನ್ನಲಿ ಅಂತ ಕೇಳಿದಾಗ, ಮೊದಲು ಡಾಕ್ಟರ ಹತ್ತಿರ ಹೋಗು ಅಂದೆ. ಯಾರ ಹತ್ತಿರವೂ ಬಾಯಿಬಿಡಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಮಾತಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಅಂದೆ.

ಇನ್ನು ಮುದ್ದೆಯ ವಿಷಯ.

ಮಂಡ್ಯದಲ್ಲಿ ನನ್ನದು ಮಹಡಿ ಮೇಲಿನ ಬಾಡಿಗೆ ರೂಮು. ಕೆಳಗೆ ಮನೆಯ ಯಜಮಾನಿ. ಬೀದಿಯವರೆಲ್ಲ ಅವರನ್ನು ಅವ್ವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಂದು ಭಾನುವಾರ ಬಾಡಿಗೆ ಕೊಡಲು ಹೋದಾಗ ಊಟಕ್ಕೆ ಕೂರಿಸಿದರು. ಬೇಡ ಅಂದರೂ ಬಿಡಲಿಲ್ಲ. ತಟ್ಟೆಯಲ್ಲಿ ಒಂದು ಕಂದು ಉಂಡೆ, ಪಕ್ಕದಲ್ಲಿ ಉಪ್ಸಾರು, ತುದಿಯಲ್ಲಿ ಅರೆದ ಖಾರ. ಹೊಗೆಯಾಡುತ್ತಿತ್ತು. ನಾನು ಒಂದು ಚೂರು ಮುರಿದು ಬಾಯಿಗಿಟ್ಟು ಎಂದಿನಂತೆ ಅಗಿಯತೊಡಗಿದೆ. ಅದು ಹಲ್ಲಿಗೆಲ್ಲ ಅಂಟಿಕೊಂಡಿತು.

“ಯಾಕ್ ಮಗ ಅಗೀತಾ ಕುಂತಿದ್ದೀಯ? ಹಿಟ್ಟ ಅಗೀಬಾರ್ದು ಕಣಪ್ಪ. ಸಾರಲ್ಲಿ ಅದ್ದು, ನುಂಗು.”

ನುಂಗಿದೆ. ಗಂಟಲಲ್ಲಿ ಬಿಸಿಯಾಗಿ ಇಳಿಯಿತು. ಇನ್ನೊಂದು ಚೂರು. ಇನ್ನೊಂದು. ಅರ್ಧ ಮುದ್ದೆ ಮುಗಿದ ಮೇಲೆ ಗಮನಕ್ಕೆ ಬಂತು, ನಾನು ಎಣಿಸಿಯೇ ಇರಲಿಲ್ಲ. ಎಣಿಸಲು ಅಲ್ಲಿ ಅಗಿಯುವುದೇ ಇರಲಿಲ್ಲ.

ಮಹಡಿಗೆ ಹೋಗಿ ಬಹಳ ಹೊತ್ತು ಯೋಚಿಸಿದೆ. ಅನ್ನ, ದೋಸೆ, ತೆಂಗಿನಕಾಯಿ, ಬಾಳೆಹಣ್ಣು, ನಾನು ಹುಟ್ಟಿದಾಗಿನಿಂದ ತಿಂದ ಪ್ರತಿಯೊಂದಕ್ಕೂ ನನ್ನ ತಲೆಯಲ್ಲಿ ಒಂದು ಅಂಕಿ ಇತ್ತು, ಒಂದು ತೀರ್ಪು ಇತ್ತು. ಮುದ್ದೆಗೆ ಇರಲಿಲ್ಲ. ಉಪ್ಸಾರಿಗೆ ಇರಲಿಲ್ಲ. ಗೊತ್ತಿಲ್ಲದ ಊಟ ಹೆದರಿಸುತ್ತೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಊಟಕ್ಕೆ ಸಂಬಂಧಿಸಿದ ಬೇರೆ ಕಾಯಿಲೆಗಳಲ್ಲಿ ಅದು ನಿಜವೂ ಹೌದು. ಕೆಲವರಿಗೆ ವಾಸನೆ, ಬಣ್ಣ, ಬಾಯಿಗೆ ಸಿಗುವ ರೀತಿಯೇ ತಡೆಯಲಾಗದು. ನನಗೆ ಮಾತ್ರ ಗೊತ್ತಿದ್ದ ಊಟವೇ ಹೆಚ್ಚು ಭಯ. ಹಾಗಾಗಿ ನಾನು ಹೊಸದರಿಂದ ಶುರು ಮಾಡಿ ಹಳೆಯದರ ಕಡೆಗೆ ನಡೆದೆ.

ಡಯೆಟಿಷಿಯನ್ ಮೇಡಂ ಇದಕ್ಕೆ ಒಪ್ಪಿದರು. ಆದರೆ ಎರಡು ಮಾತು ಹೇಳಿದರು. ಮೊದಲನೆಯದು, ರಾಶಿ ಸೊಪ್ಪು ಬೇಡ. ಬಹಳ ದಿನ ಕಡಿಮೆ ತಿಂದವರ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಸ್ವಲ್ಪ ತಿಂದರೂ ಕಲ್ಲು ಇಟ್ಟಂತಾಗುತ್ತದೆ. ಆ ಹೊಟ್ಟೆಗೆ ಬರೀ ಸೊಪ್ಪು, ನಾರು ತುಂಬಿದರೆ ಬೇಕಾದದ್ದಕ್ಕೆ ಜಾಗ ಇರುವುದಿಲ್ಲ. ಸಣ್ಣ ಮುದ್ದೆ, ಅದರ ಮೇಲೆ ತುಪ್ಪ, ಸಾರಿನಲ್ಲಿ ಕಾಳು ಜಾಸ್ತಿ. ಎರಡನೆಯದು, ಮುದ್ದೆಯ ಹಿಂದೆ ಅನ್ನ ಉಣ್ಣಲೇಬೇಕು, ಅವ್ವನ ಮನೆಯಲ್ಲಿ ಎಲ್ಲರೂ ಉಣ್ಣುವ ಹಾಗೆ.

ಈ ಎರಡನೆಯದಕ್ಕೆ ನಾನು ಜಗಳವಾಡಿದೆ. ಆ ಹೊತ್ತಿಗೆ ರಾಗಿ ಬಗ್ಗೆ ಓದಿ ಮುಗಿಸಿದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಅದು ತೀರಾ ಕಡಿಮೆ. ನನ್ನ ಮೂಳೆ ಸವೆದಿತ್ತು. ಹಾಗಾದರೆ ರಾಗಿ ಒಳ್ಳೆಯದು, ಅಕ್ಕಿ ಕೆಟ್ಟದ್ದು. ಮೇಡಂ ಸುಮ್ನೆ ಕೇಳಿಸಿಕೊಂಡರು. ಆಮೇಲೆ, “ನೋಡಿ, ಹಳೇ ಕಾಯಿಲೆ ಹೊಸ ಅಂಗಿ ಹಾಕಿಕೊಂಡು ಬಂದಿದೆ” ಅಂದರು. ಊಟ ಸಾಲದೆ ಮೈ ಇಳಿದಾಗ ಹಾರ್ಮೋನು ಕುಸಿಯುತ್ತದೆ, ಮೂಳೆ ಸವೆಯುವುದಕ್ಕೆ ಅದು ದೊಡ್ಡ ಕಾರಣ. ಒಟ್ಟು ಊಟ ಸಾಕಷ್ಟು ಸಿಕ್ಕಿ ಮೈ ತುಂಬಿಕೊಳ್ಳದೆ ಬರೀ ರಾಗಿಯಿಂದ ಅದು ಸರಿಹೋಗದು ಅಂತ ವಿವರಿಸಿದರು. ಅವತ್ತು ಅವರು ಹೇಳದಿದ್ದರೆ ನಾನು ಸಿರಿಧಾನ್ಯದ ಹೆಸರಲ್ಲಿ ಮತ್ತೆ ಉಪವಾಸ ಬೀಳುತ್ತಿದ್ದೆ. ‘ಆರೋಗ್ಯಕರ’ ಅನ್ನುವ ಮಾತು ನನ್ನಂಥವರ ಕೈಯಲ್ಲಿ ಹರಿತವಾದ ಕತ್ತಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ವಾರಕ್ಕೆ ಒಂದು ಹೊಸ ಪದಾರ್ಥ ಅಂತ ಇಟ್ಟುಕೊಂಡೆ. ಮಾಮೂಲಿ ಊಟದ ಪಕ್ಕದಲ್ಲಿ ಅದು ಒಂದು ಚಮಚ, ಅದರ ಬದಲಿಗೆ ಅಲ್ಲ. ಮೊದಲ ಸಲಕ್ಕೆ ಇಷ್ಟವೋ ಇಲ್ಲವೋ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಅಣ್ಣೆಸೊಪ್ಪು ನನಗೆ ಆರನೇ ಸಲಕ್ಕೆ ರುಚಿಸಿತು. ಪುಸ್ತಕದಲ್ಲಿ ಎಷ್ಟು ತಿಂದೆ ಅಂತ ಬರೆಯುತ್ತಿರಲಿಲ್ಲ, ಹೇಗಿತ್ತು ಅಂತ ಬರೆಯುತ್ತಿದ್ದೆ. ‘ಉಪ್ಸಾರು ಖಾರ: ಮೊದಲು ಬೆಳ್ಳುಳ್ಳಿ, ಆಮೇಲೆ ಜೀರಿಗೆ, ಕಿವಿ ಬಿಸಿ.’ ‘ಮಸ್ಸೊಪ್ಪು: ಮೆತ್ತಗೆ, ಮಳೆ ಬಿದ್ದ ಮಣ್ಣಿನ ವಾಸನೆ.’

ಅವ್ವನ ಹತ್ತಿರ ಒಂದೇ ಒಂದು ಕೇಳಿಕೊಂಡೆ. ನಾನು ಉಣ್ಣುವಾಗ ತಟ್ಟೆ ನೋಡಬೇಡಿ, ಊಟದ ಮಾತು ಬೇಡ. ಅವರು ಯಾಕೆ ಅಂತ ಕೇಳಲಿಲ್ಲ. ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಹಸು ಗಬ್ಬವೋ ಅಲ್ಲವೋ, ಹೀಗೆ ಮಾತು. ಒಂದು ದಿನ ಅವರ ಯಜಮಾನರು ಬೆಳೆಯುತ್ತಿದ್ದ ‘ಇಂಡಾಪು ರಾಗಿ’ ನೆನೆಸಿಕೊಂಡರು. ಅದು ಇಂಡಾಫ್. ಇಲ್ಲೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಬೆರೆಸಿ ತೆಗೆದ ತಳಿಗಳು. ರಾಗಿಯ ತವರೇ ಆಫ್ರಿಕಾ ಅಂತ ನನಗೆ ಗೊತ್ತಾದದ್ದು ಆ ಮಾತಿನ ಹಿಂದೆ ಹೋದಾಗ. ಎಲ್ಲಿಂದಲೋ ಬಂದು ಈ ನೆಲದ್ದೇ ಆಗಿಬಿಟ್ಟ ಧಾನ್ಯ ಅಂತ ಅದರ ಮೇಲೆ ನನಗೆ ಇನ್ನಷ್ಟು ಪ್ರೀತಿ ಬಂತು.

ಉಂಡ ಮೇಲಿನ ಒಂದು ಗಂಟೆ ಕಷ್ಟದ್ದು. ಎದ್ದು ನಡೆಯಬೇಕು, ಓಡಬೇಕು ಅಂತ ಕಾಲು ಕುಣಿಯುತ್ತಿತ್ತು. ಅದು ಅವರೆಕಾಯಿ ಕಾಲ, ಡಿಸೆಂಬರ್. ಅವ್ವ ಮೊರ ತುಂಬ ಸೊಗಡವರೆ ತಂದು ನನ್ನ ಮುಂದಿಟ್ಟರು. ಜಗಲಿ ಮೇಲೆ ಕೂತು ಸುಲಿದೆ. ಮರುದಿನ ನೆನೆಸಿದ ಕಾಳನ್ನು ಹಿತಕಿದೆ. ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ಕೈಗೆ ಕೆಲಸ, ಮೂಗಿಗೆ ಸೊಗಡು. ಎದೆಬಡಿತ ಏರುತ್ತಿತ್ತು, ಒಂದಷ್ಟು ಹೊತ್ತು ನಿಲ್ಲುತ್ತಿತ್ತು, ಆಮೇಲೆ ತಾನಾಗಿ ಇಳಿಯುತ್ತಿತ್ತು. ಓಡದೆಯೂ ಇಳಿಯುತ್ತೆ ಅಂತ ಮೈಗೆ ಗೊತ್ತಾಗಲು ಇಡೀ ಅವರೆ ಕಾಲ ಬೇಕಾಯಿತು. ನಾನೇ ಸುಲಿದ ಕಾಳಿನ ಸಾರನ್ನು ಬೇಡ ಅನ್ನುವುದೂ ಕಷ್ಟವಾಗುತ್ತಿತ್ತು.

ಹಳೆಯ ಊಟಕ್ಕೆ ಮರಳಲು ಸೇತುವೆ ಬೇಕಿತ್ತು. ಬಾಳೆಹಣ್ಣಿಗೆ ಅದು ನಂಜನಗೂಡು ರಸಬಾಳೆಯಿಂದ ಆಯಿತು. ಸೊರಗು ರೋಗದಿಂದ ಅದರ ತೋಟ ಬಹಳ ಕಡಿಮೆಯಾಗಿದೆ, ಸಿಗುವುದೇ ಅಪರೂಪ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸಿಕ್ಕಿತು. ಆ ಘಮಕ್ಕೆ ನನ್ನ ತಲೆಯಲ್ಲಿ ಯಾವ ಅಂಕಿಯೂ ಇರಲಿಲ್ಲ. ರಸಬಾಳೆ ಆದ ಮೇಲೆ ಏಲಕ್ಕಿ ಬಾಳೆ, ಅದಾದ ಮೇಲೆ ಪಚ್ಚಬಾಳೆ.

ಎಲ್ಲವೂ ಹೀಗೇ ಆಗಲಿಲ್ಲ. ರೈಲಿನಲ್ಲಿ ಮದ್ದೂರು ವಡೆ ಕೊಂಡೆ. ಮಂಡ್ಯದಿಂದ ಮೈಸೂರಿನವರೆಗೂ ಕೈಯಲ್ಲೇ ಹಿಡಿದಿದ್ದೆ. ಕಾಗದಕ್ಕೆ ಎಣ್ಣೆ ಇಳಿಯುವುದನ್ನೇ ನೋಡುತ್ತಾ ಕೂತೆ. ತಿನ್ನಲಾಗಲಿಲ್ಲ. ನಿಲ್ದಾಣದಲ್ಲಿ ಒಬ್ಬ ಅಜ್ಜನಿಗೆ ಕೊಟ್ಟು ಬಂದೆ. ಮನೋವೈದ್ಯರು ಬೈಯಲಿಲ್ಲ. ಒಬ್ಬನೇ ಬೇಡ, ಜೊತೆಗೆ ಯಾರಾದರೂ ಇರಲಿ ಅಂದರು. ಮುಂದಿನ ತಿಂಗಳು ಗೆಳೆಯನ ಜೊತೆ ಅರ್ಧ ವಡೆ ತಿಂದೆ. ಮದುವೆ ಮನೆಯ ಬಫೆ ಇವತ್ತಿಗೂ ನನಗೆ ಆಗುವುದಿಲ್ಲ. ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸಿದರೆ ಆಗುತ್ತದೆ.

ಎರಡು ವರ್ಷದ ನಂತರ ಚೌತಿಗೆ ಊರಿಗೆ ಹೋದೆ. ಚೀಲದಲ್ಲಿ ಅವ್ವ ಕೊಟ್ಟ ರಾಗಿಹಿಟ್ಟು, ಒಂದು ಹಿಟ್ಟಿನ ಕೋಲು. ನೀರು ಕುದಿಸಿ, ಹಿಟ್ಟು ಗುಡ್ಡೆ ಹಾಕಿ, ನಡುವೆ ಕೋಲು ಚುಚ್ಚಿ ಬೇಯಲು ಬಿಟ್ಟು, ಗಂಟಿಲ್ಲದ ಹಾಗೆ ತಿರುವಿ, ಕೈ ಒದ್ದೆ ಮಾಡಿ ಉಂಡೆ ಕಟ್ಟಿದೆ. ಅಮ್ಮ ಒಂದು ಚೂರು ಬಾಯಿಗೆ ಹಾಕಿ ಅಗಿಯತೊಡಗಿದಳು.

“ಅಗೀಬೇಡ ಅಮ್ಮ, ನುಂಗು” ಅಂದೆ.

“ಎಂತ ಮಗಾ ಇದು, ಅಗಿಯದೆ ಉಣ್ಣುದಾ?” ಅಂತ ನಕ್ಕಳು. ನುಂಗಿದಳು.

ಸಂಜೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದ್ದಳು, ಜೊತೆಗೆ ಬೆಲ್ಲದ ಕಾಯಿಹಾಲು. ನಾನು ಬಿಟ್ಟದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅದಕ್ಕೇ. ಫೋನಿನಲ್ಲಿ ಮೊದಲೇ ಹೇಳಿದ್ದೆ, ಹಾಗಾಗಿ ಅಮ್ಮ ನನ್ನ ತಟ್ಟೆ ಕಡೆ ನೋಡಲಿಲ್ಲ. ಪಕ್ಕದ ಮನೆಯವರ ಬಾವಿಯ ವಿಷಯ ಮಾತಾಡುತ್ತಿದ್ದಳು. ನಾನು ಎಲೆ ಬಿಡಿಸಿದೆ. ಒಂದು ತಿಂದೆ. ಇನ್ನೊಂದರಲ್ಲಿ ಅರ್ಧ ತಿಂದೆ. ಉಳಿದದ್ದಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಕೊಟ್ಟಳು. ಅದನ್ನೂ ತಿಂದೆ.