ಅಮೆರಿಕದಲ್ಲಿದ್ದು ಭಾರತದ ಮಗುವನ್ನು ದತ್ತು ಪಡೆಯಬೇಕೆ? ಮೊದಲು ವಯಸ್ಸಿನ ಲೆಕ್ಕ ಹಾಕಿ

ಮದುವೆಯಾಗಿ ಡಲ್ಲಾಸ್‌ನಲ್ಲೋ ಸಿಯಾಟಲ್‌ನಲ್ಲೋ ಇದ್ದೀರಿ, ಊರ ಕಡೆಯ ಒಂದು ಮಗುವಿಗೆ ಅಪ್ಪ ಅಮ್ಮ ಆಗಬೇಕು ಅಂತ ಆಸೆ. ತುಂಬಾ ಸಂತೋಷ. ಮೊದಲು ಇಬ್ಬರ ಪಾಸ್‌ಪೋರ್ಟ್ ತೆಗೆದು ನೋಡಿ. ಒಬ್ಬರಾದರೂ ಅಮೆರಿಕದ ಪ್ರಜೆ ಆಗಿರಲೇಬೇಕು. ಎಚ್‌-1ಬಿ ಕೆಲಸದ ವೀಸಾ ಸಾಲದು, ಗ್ರೀನ್ ಕಾರ್ಡೂ ಸಾಲದು. ಮಗುವನ್ನು ಕರೆತರಲು ಮೊದಲು ಹಾಕುವ ಐ-800ಎ ಅರ್ಜಿಯನ್ನು ಪ್ರಜೆಗಳು ಮಾತ್ರ ಹಾಕಬಹುದು.

ಮದುವೆಯಾಗಿ 2 ವರ್ಷವಾದರೂ ಚೆನ್ನಾಗಿ ಬಾಳಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಇದು ಭಾರತದ ನಿಯಮ.

ಚಿಕ್ಕ ವಯಸ್ಸಿನ ಜೋಡಿಗಳು ಎಡವುವುದು ವಯಸ್ಸಿನಲ್ಲೇ. 2 ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ದಾಟಬಾರದು, ಆ ಚಿಂತೆ ನಿಮಗಿಲ್ಲ. ಆದರೆ ಮಗುವಿಗೂ ನಿಮಗೂ 25 ವರ್ಷ ಅಂತರ ಇರಲೇಬೇಕು. ಗಂಡನಿಗೆ 30, ಹೆಂಡತಿಗೆ 27 ಅಂತಿಟ್ಟುಕೊಳ್ಳಿ. ಲೆಕ್ಕ ಹೆಂಡತಿಯಿಂದ ಶುರು, ಹಾಗಾಗಿ 2 ವರ್ಷಕ್ಕಿಂತ ದೊಡ್ಡ ಮಗು ಸಿಗದು. ಅಷ್ಟು ಪುಟ್ಟ ಮಕ್ಕಳಿಗಾಗಿ ಕಾಯುವವರೇ ಜಾಸ್ತಿ ಅಲ್ವಾ? ಭಾರತದಲ್ಲಿರುವವರಿಗೂ ಅನಿವಾಸಿ ಭಾರತೀಯರಿಗೂ ಮೊದಲ ಸರದಿ, ಒಸಿಐ ಕಾರ್ಡಿನವರಿಗೆ, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ, ಆಮೇಲೆ. ಎರಡು ಮೂರು ವರ್ಷ ತಡೆದು ಅರ್ಜಿ ಹಾಕಿದರೆ ಸ್ವಲ್ಪ ದೊಡ್ಡ ಮಗುವಿಗೂ ದಾರಿ ತೆರೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ವಿಶೇಷ ಅಗತ್ಯದ (ಕಾಯಿಲೆ ಅಥವಾ ಅಂಗವೈಕಲ್ಯ ಇರುವ) ಮಗು ಅಂದ ಕೂಡಲೇ ಹಿಂದೆ ಸರಿಯಬೇಡಿ, ಮಗುವಿನ ವೈದ್ಯಕೀಯ ವರದಿಯನ್ನು ನಿಮ್ಮ ಮಕ್ಕಳ ವೈದ್ಯರಿಗೆ ತೋರಿಸಿ ಸಮಾಧಾನವಾಗಿ ಕೇಳಿ. ಮನೆಯಲ್ಲಿ ಈಗಾಗಲೇ ಇಬ್ಬರು ಮಕ್ಕಳಿದ್ದರಂತೂ ಇಂಥ ಮಕ್ಕಳು, ಇಲ್ಲವೇ ಸುಲಭವಾಗಿ ಮನೆ ಸಿಗದ ಮಕ್ಕಳು ಮಾತ್ರ ಸಿಗುತ್ತಾರೆ.

ಇಷ್ಟು ಹೊಂದಿದರೆ, ದತ್ತು ವಿಷಯ ನೋಡಿಕೊಳ್ಳುವ ಭಾರತ ಸರ್ಕಾರದ ಕಾರಾ ಸಂಸ್ಥೆ ಮಾನ್ಯ ಮಾಡಿರುವ ಅಮೆರಿಕದ ಏಜೆನ್ಸಿಗೆ ಹೋಗಿ. ಅವರು ಹೋಮ್ ಸ್ಟಡಿ ಮಾಡಿಸುತ್ತಾರೆ, ಅಂದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಸಂಬಳ, ಆರೋಗ್ಯ, ಸಂಬಂಧ ಎಲ್ಲವನ್ನೂ ವಿಚಾರಿಸುತ್ತಾರೆ. ಮುಚ್ಚಿಡಬೇಡಿ. ಆ ವರದಿಯೊಂದಿಗೆ ಐ-800ಎ, ನಂತರ ಕಾರಾದಲ್ಲಿ ನೋಂದಣಿ. ಯಾವ ಮಗು ಅಂತ ಗೊತ್ತಾದ ಮೇಲೆ ಆ ಮಗುವಿಗಾಗಿ ಅಮೆರಿಕಕ್ಕೆ ಐ-800 ಅರ್ಜಿ, ಕಾರಾದ ನಿರಾಕ್ಷೇಪಣಾ ಪತ್ರ, ಕೊನೆಗೆ ಜಿಲ್ಲಾಧಿಕಾರಿಯ ದತ್ತು ಆದೇಶ. ಮಗು ಮನೆಗೆ ಬಂದ ಮೇಲೂ 2 ವರ್ಷ ವರದಿ ಕಳಿಸುತ್ತಿರಬೇಕು.

ಅಕ್ಕನ ಮಗುವನ್ನೇ ತರುತ್ತೇವೆ ಅನ್ನುವವರು ಈ ಮಾತು ಕೇಳಿ. ಸಂಬಂಧಿಕರ ಮಗುವಾದರೆ ವಯಸ್ಸಿನ ನಿಯಮ ಇಲ್ಲ, ಆದರೆ ಕಾರಾ ಮೂಲಕವೇ ಹೋಗಬೇಕು. ಊರಲ್ಲಿ ಎಲ್ಲರೂ ಸೇರಿದ್ದಾರೆ, ಒಳ್ಳೆಯ ದಿನ ಅಂತ ಮೊದಲೇ ದತ್ತು ಪತ್ರ ರಿಜಿಸ್ಟರ್ ಮಾಡಿಸಿಬಿಟ್ಟರೆ ವೀಸಾ ಸಿಕ್ಕಿಹಾಕಿಕೊಳ್ಳುತ್ತದೆ, ಮಗು ಅಲ್ಲೇ ಉಳಿಯುತ್ತದೆ. ಐ-800ಕ್ಕೆ ಒಪ್ಪಿಗೆ ಬರುವವರೆಗೆ, ಯಾರೇ ಒತ್ತಾಯ ಮಾಡಿದರೂ, ಸಹಿ ಹಾಕಬೇಡಿ.