ಕ್ರಿಸ್‌ಮಸ್ ಉಡುಗೊರೆ ಈ ಸಲ ಎಲ್ಲಿ ಅಡಗಿಸಿಡೋದು?

ಡಿಸೆಂಬರ್ ಬಂತೆಂದರೆ ನನ್ನ ಸೊಸೆಯದ್ದು ಒಂದೇ ಪ್ರಶ್ನೆ. "ಮಾಯ್, ಈ ಸಲ ಎಲ್ಲಿಡೋದು?" ಮಾಯ್ ಅಂದರೆ ಅಮ್ಮ, ಮಂಗಳೂರಿನ ನಮ್ಮ ಕೊಂಕಣಿ ಮನೆಗಳಲ್ಲಿ ಅತ್ತೆಯನ್ನೂ ಹಾಗೇ ಕರೆಯುತ್ತಾರೆ. ಇಡಬೇಕಾದದ್ದು ಮೊಮ್ಮಕ್ಕಳ ಕ್ರಿಸ್‌ಮಸ್ ಉಡುಗೊರೆ. ಹುಡುಗನಿಗೆ ಎಂಟು ವರ್ಷ, ಹುಡುಗಿಗೆ ಐದು. ಅವರಿಬ್ಬರು ಹೊಕ್ಕು ನೋಡದ ಮೂಲೆ ಮನೆಯಲ್ಲಿ ಒಂದೂ ಉಳಿದಿಲ್ಲ.

ಆ ಮಕ್ಕಳ ಚಡಪಡಿಕೆ ನನಗೆ ಚೆನ್ನಾಗಿ ಗೊತ್ತು. ನಾನು ಏಳು ವರ್ಷದವಳಿದ್ದಾಗ ಪಪ್ಪಾ ಮುಂಬೈಯಲ್ಲಿ ಕೆಲಸದಲ್ಲಿದ್ದರು. ಹಬ್ಬಕ್ಕೆ ಬರುವಾಗ ತಂದದ್ದೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಇರುತ್ತಿತ್ತು. ಬೀಗದ ಕೈ ದೇವರ ಪೀಠದ ಹಿಂದೆ, ಹೂದಾನಿಯ ಒಳಗೆ. ಎಲ್ಲರೂ ಗೋದಲಿಗೆ, ಅಂದರೆ ಬಾಲಯೇಸುವಿನ ಕೊಟ್ಟಿಗೆಯ ಮಾದರಿಗೆ, ಒಣ ಹುಲ್ಲು ತರಲು ಗುಡ್ಡಕ್ಕೆ ಹೋದ ದಿನ ನಾನು ಹೊಟ್ಟೆನೋವು ಅಂತ ಹೇಳಿ ಮನೆಯಲ್ಲೇ ಉಳಿದೆ. ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಹಳೇ ಪೇಪರಿನ ಕಟ್ಟು ಬಿಡಿಸಿದೆ. ತಿಳಿ ಹಸಿರು ಫ್ರಾಕು, ಕತ್ತಿಗೆ ಬಿಳಿ ಲೇಸು. ಎದೆ ಡವಡವ ಅನ್ನುತ್ತಿತ್ತು. ಹೇಗೋ ಮಡಚಿ ಒಳಗಿಟ್ಟೆ.

ಹಬ್ಬದ ಬೆಳಿಗ್ಗೆ ಮಾಯ್ ಅದೇ ಕಟ್ಟನ್ನು ನನ್ನ ಮಡಿಲಲ್ಲಿಟ್ಟಳು. ಬಿಡಿಸಿ "ಎಷ್ಟು ಚಂದ!" ಅಂದೆ. ಸ್ವರ ಏಳಲಿಲ್ಲ. ಮೊದಲ ಸಲ ನೋಡುವ ಗಳಿಗೆ ಆ ಟ್ರಂಕಿನ ಹತ್ತಿರವೇ ಮುಗಿದುಹೋಗಿತ್ತು. ಮಾಯ್ ನನ್ನನ್ನೊಮ್ಮೆ ನೋಡಿದಳು, ಫ್ರಾಕಿನ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದ ನಿರಿಗೆಯನ್ನು ಅಂಗೈಯಲ್ಲಿ ತೀಡಿದಳು, ಏನೂ ಹೇಳಲಿಲ್ಲ. ಅವಳು ಮಡಚಿದ್ದು ಹಾಗಿರಲಿಲ್ಲ, ಅವಳಿಗೆ ಗೊತ್ತಾಗಿತ್ತು. ಆ ಗಳಿಗೆ ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ತಪ್ಪಬಾರದು ಅಂತಲೇ ಇಷ್ಟು ವರ್ಷ ಅಡಗಿಸಿಡುತ್ತಾ ಬಂದಿದ್ದೇನೆ.

ಮೊದಲು ಜಾಗದ ವಿಷಯ. ಕಪಾಟಿನ ತುದಿ, ಮಂಚದ ಅಡಿ, ಅಟ್ಟ, ಈ ಮೂರನ್ನೂ ಬಿಟ್ಟುಬಿಡಿ. ಮಕ್ಕಳು ಮೊದಲು ಹುಡುಕುವುದೇ ಅಲ್ಲಿ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿದ ಮಗು ಕಪಾಟಿನ ಸಮೇತ ಕೆಳಗೆ ಬೀಳಬಹುದು. ಮಾತ್ರೆ, ಫಿನಾಯಿಲ್, ಇಲಿ ಪಾಷಾಣ, ಕತ್ತಿ ಇಡುವ ಕಡೆಯಂತೂ ಉಡುಗೊರೆಯನ್ನು ಯಾವತ್ತೂ ಇಡಬೇಡಿ. ಉಡುಗೊರೆ ಹುಡುಕುವ ಕೈಗೆ ಮೊದಲು ಯಾವುದು ಸಿಗುತ್ತದೆ ಅಂತ ಹೇಳಲಾಗುವುದಿಲ್ಲ. ಬಟನ್ ಸೆಲ್ ಇರುವ ಆಟಿಕೆಯಾದರೆ ಇನ್ನೂ ಜೋಪಾನ. ಆ ಪುಟ್ಟ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ನನಗೆ ಒಗ್ಗಿದ ಜಾಗ ಎಂದರೆ ಬೀಗ ಹಾಕಿದ ಸೂಟ್‌ಕೇಸು. ಅದಿಲ್ಲದಿದ್ದರೆ ಪಕ್ಕದ ಮನೆ. ನಮ್ಮದು ಅವರಲ್ಲಿ, ಅವರದು ನಮ್ಮಲ್ಲಿ. ಕಾರಿನ ಡಿಕ್ಕಿಯಲ್ಲಿ ಚಾಕೊಲೇಟು ಇಡಬೇಡಿ, ನಮ್ಮ ಕರಾವಳಿಯ ಬಿಸಿಲಿಗೆ ಡಿಸೆಂಬರಿನಲ್ಲೂ ಕರಗುತ್ತದೆ. ಸಾಬೂನು, ನುಸಿಗುಳಿಗೆ ಹತ್ತಿರ ಇಟ್ಟರೆ ವಾಸನೆ ಹಿಡಿಯುತ್ತದೆ. ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿಯೇ ಒಳ್ಳೆಯದು, ಇರುವೆಯೂ ಬರುವುದಿಲ್ಲ.

ಈಗಿನ ಕಾಲದಲ್ಲಿ ಗುಟ್ಟು ರಟ್ಟಾಗುವುದು ಜಾಸ್ತಿ ಫೋನಿನಿಂದ. ಆರ್ಡರ್ ಮಾಡಿದ ಫೋನನ್ನೇ ಮಗುವಿನ ಕೈಗೆ ಕೊಟ್ಟರೆ "ನಿಮ್ಮ ಸೈಕಲ್ ಇವತ್ತು ಬರುತ್ತದೆ" ಅಂತ ಅದೇ ಹೇಳಿಬಿಡುತ್ತದೆ. ಪಾರ್ಸೆಲ್ ಆಫೀಸಿಗೆ ತರಿಸಿಕೊಳ್ಳಿ. ಮನೆಗೇ ಬಂದರೆ ಆ ರಾತ್ರಿಯೇ ಹೊರಗಿನ ಪೆಟ್ಟಿಗೆ ಹರಿದು ಬಿಸಾಡಿ, ಕಾಗದ ಸುತ್ತಿಬಿಡಿ. ಗಮ್‌ಟೇಪನ್ನು ಮಕ್ಕಳು ಉಗುರಿನಲ್ಲಿ ನಿಧಾನಕ್ಕೆ ಎಬ್ಬಿಸಿ ಮತ್ತೆ ಅಂಟಿಸುತ್ತಾರೆ. ಸೆಣಬಿನ ದಾರ ಕಟ್ಟಿ ಎರಡು ಗಂಟು ಹಾಕಿದರೆ ಆ ಕೆಲಸ ಸುಲಭವಲ್ಲ. ಅಲ್ಲಾಡಿಸಿ ನೋಡುವವರೂ ಇರುತ್ತಾರಲ್ವಾ, ಪೆಟ್ಟಿಗೆಯೊಳಗೆ ಒಂದು ಮುಷ್ಟಿ ಹುಣಸೆ ಬೀಜವನ್ನು ಕವರಿನಲ್ಲಿ ಕಟ್ಟಿ ಹಾಕಿ. ಹೆಸರಿನ ಬದಲು ನಂಬರ್ ಬರೆಯಿರಿ. ಯಾವುದು ಯಾರದು ಅಂತ ಗೊತ್ತಿಲ್ಲದಿದ್ದರೆ ಅರ್ಧ ಕುತೂಹಲ ಅಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಸುಮ್ನೆ ಕೂತು ಕಾಯುವುದು ಮಗುವಿನಿಂದ ಆಗದು. ದೊಡ್ಡವರಿಂದಲೂ ಆಗುವುದಿಲ್ಲ. ಕಾಯುವ ಮಗುವಿನ ಕೈಗೆ ಕೆಲಸ ಬೇಕು. ಜರ್ಮನಿಯಲ್ಲಿ 19ನೇ ಶತಮಾನದಲ್ಲಿ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆದು ಮಕ್ಕಳ ಕೈಯಲ್ಲಿ ದಿನಕ್ಕೊಂದು ಅಳಿಸಿಸುತ್ತಿದ್ದರಂತೆ. ನಾನು ಒಂದು ಗಾಜಿನ ಭರಣಿಯಲ್ಲಿ 24 ಹುಣಸೆ ಬೀಜ ಹಾಕಿಡುತ್ತೇನೆ. ದಿನಾ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮಗು ಒಂದನ್ನು ತೆಗೆಯಬೇಕು. "ಇನ್ನೆಷ್ಟು ದಿನ?" ಅಂತ ನೂರು ಸಲ ಕೇಳುವುದು ನಿಂತುಹೋಯಿತು, ಭರಣಿ ನೋಡಿದರೆ ಗೊತ್ತಾಗುತ್ತದೆ. ಚಂದ ಕಾಣುತ್ತದೆ ಅಂತ ಗುಲಗಂಜಿ ಮಾತ್ರ ಹಾಕಬೇಡಿ, ಅದು ವಿಷ.

ಡಿಸೆಂಬರ್ 14ರ ಹೊತ್ತಿಗೆ ರಾಗಿ ನೆನೆಹಾಕಿ, ಮರುದಿನ ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿ ಮಕ್ಕಳ ಕೈಯಿಂದಲೇ ಬಿತ್ತಿಸಿ. ನೀರು ಚಿಮುಕಿಸಿದರೆ ಸಾಕು, ಸುರಿಯಬಾರದು. 24ಕ್ಕೆ ಗೋದಲಿಯ ಸುತ್ತ ಇಡಲು ಹಸಿರು ಹುಲ್ಲು ತಯಾರು. ಹೋದ ವರ್ಷ ಮೊಮ್ಮಗಳು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಗೆರಟೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಒಂದು ದಿನ ಮೊಳಕೆಯ ಬಿಳಿ ತುದಿ ಕಂಡು "ಅಜ್ಜೀ, ಬಂತು!" ಅಂತ ಕೂಗಿದಳು. ಆ ಹತ್ತು ದಿನ ಅವಳು ಕಪಾಟಿನ ಕಡೆ ಹೋಗಲೇ ಇಲ್ಲ.

ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು, ಮಾಡುವಾಗಲೂ ಮಕ್ಕಳನ್ನು ಅಡುಗೆಮನೆಯಿಂದ ಓಡಿಸಬೇಡಿ. ಕಿಡಿಯೊ ಮಾಡಲು ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತಬೇಕು, ಅದಕ್ಕೆ ಚಿಕ್ಕ ಬೆರಳೇ ಸರಿ. ಎಣ್ಣೆಯ ಹತ್ತಿರ ಮಾತ್ರ ದೊಡ್ಡವರು ಇರಲಿ. ನೆವ್ರಿ, ಅಂದರೆ ಸಿಹಿ ಹೂರಣದ ಕಡುಬು, ಕರಿದ ಕೂಡಲೇ ಒಂದೊಂದು ಕೊಟ್ಟುಬಿಡಿ. ಡಬ್ಬಿ ಪೂರ್ತಿ ಮುಚ್ಚಿಟ್ಟರೆ ಕದಿಯುವುದನ್ನು ನಾವೇ ಕಲಿಸಿದ ಹಾಗೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. ಕೊಟ್ಟ ಮಾತು ಉಳಿಸಿಕೊಳ್ಳುವ ಮನೆಯಲ್ಲಿ ಮಕ್ಕಳು ಕಾಯುತ್ತಾರೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 28 ಪುಟ್ಟ ಮಕ್ಕಳಿಗೆ ಮೊದಲು "ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆ" ಅಂತ ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಹತ್ತಿರ ಬರಿಗೈಯಲ್ಲಿ ಬಂದರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಅಂದರು. ಮೊದಲು ಬರಿಗೈ ಕಂಡ ಮಕ್ಕಳು ಸರಾಸರಿ 3 ನಿಮಿಷ ಕಾದರು, ಹೇಳಿದ್ದು ಕೈಗೆ ಸಿಕ್ಕಿದ ಮಕ್ಕಳು 12 ನಿಮಿಷ. ಹಾಗಾಗಿ "ನಾಳೆ ಕೊಡ್ತೀನಿ" ಅಂತ ಸುಮ್ನೆ ಬಾಯಿಮಾತಿಗೆ ಹೇಳಬೇಡಿ. ಕೊಡುವ ದಿನ 25 ಅಂದರೆ 25. ಬೇಕಿದ್ದರೆ ಡಿಸೆಂಬರ್ 6ರ ಸಂತ ನಿಕೊಲಸರ ಹಬ್ಬಕ್ಕೆ ಒಂದು ಚಿಕ್ಕ ಪೊಟ್ಟಣ ಕೊಡಿ, ಚಿಕ್ಕವರಿಗೆ ಉಸಿರು ಬಿಡಲು ಜಾಗ ಸಿಗುತ್ತದೆ.

ಆದರೂ ಇಣುಕಿ ನೋಡಿದರೆ? ಬೈಯಬೇಡಿ, "ನಿನಗೀಗ ಉಡುಗೊರೆಯೇ ಇಲ್ಲ" ಅಂತ ಹೆದರಿಸಬೇಡಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 4ರಿಂದ 8 ವರ್ಷದ 372 ಮಕ್ಕಳನ್ನು, ಬೆನ್ನ ಹಿಂದೆ ಆಟಿಕೆಯಿಟ್ಟು, ತಿರುಗಿ ನೋಡಬೇಡ ಅಂತ ಹೇಳಿ ಒಂದು ನಿಮಿಷ ಒಬ್ಬೊಬ್ಬರನ್ನೇ ಬಿಟ್ಟಿದ್ದರು. ಮೂರರಲ್ಲಿ ಎರಡು ಪಾಲು ಮಕ್ಕಳು ತಿರುಗಿ ನೋಡಿದರು. ಶಿಕ್ಷೆಯ ಹೆದರಿಕೆ ಹಾಕಿದಾಗ ನಿಜ ಹೇಳಿದವರು ಕಡಿಮೆಯಾದರು. ನೋಡುವುದು ಮಕ್ಕಳ ಸಹಜ ಗುಣ, ಸುಳ್ಳು ಹೇಳುವ ಹಾಗೆ ಮಾಡುವುದು ನಮ್ಮ ಕೈಯಲ್ಲಿದೆ. ಪಕ್ಕದಲ್ಲಿ ಕೂರಿಸಿಕೊಂಡು "ನೋಡಿದ್ಯಾ? ಹೇಗನ್ನಿಸ್ತು?" ಅಂತ ಕೇಳಿ. ಅಳು ಬಂದರೆ ಅಳಲಿ. ಆಮೇಲೆ ಅಪ್ಪನಿಗೋ ತಂಗಿಗೋ ಕೊಡುವ ಉಡುಗೊರೆಗೆ ಕಾಗದ ಸುತ್ತುವ ಕೆಲಸ ಕೊಟ್ಟು ಗುಟ್ಟನ್ನು ಅವರ ಕೈಗೇ ಒಪ್ಪಿಸಿ. ನನ್ನ ಮೊಮ್ಮಗ ಹಾಗೆ ಸಿಕ್ಕಿಬಿದ್ದ ವರ್ಷ ತಂಗಿಯ ಗೊಂಬೆಯ ಗುಟ್ಟನ್ನು ಹನ್ನೊಂದು ದಿನ ಕಾಪಾಡಿದ. ಇದ್ದ ಒಂದು ಗೊಂಬೆಯನ್ನೂ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ್ದ, ತಂಗಿಗೆ ಗೊಂಬೆಯ ನೆನಪೇ ಬಾರದಿರಲಿ ಅಂತ.

ಕೊನೆಗೆ, ಏನನ್ನು ಎಲ್ಲಿಟ್ಟಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಒಂದು ವರ್ಷ ಮಗಳಿಗೆ ತಂದ ಬೆಳ್ಳಿಯ ಕಿವಿಯೋಲೆ ನನಗೆ ಸಿಕ್ಕಿದ್ದು ಈಸ್ಟರ್‌ಗೆ, ಹಳೇ ಅಕ್ಕಿ ಡಬ್ಬಿ ತೊಳೆಯುವಾಗ. ಆ ಡಿಸೆಂಬರಿನಲ್ಲಿ ಅವಳಿಗೆ ಬೇರೆ ಏನೋ ಕೊಟ್ಟು ಸಮಾಧಾನ ಮಾಡಿದ್ದೆ. 25ರ ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಚೀಟಿ ತೆಗೆದು ಒಂದೊಂದೇ ಗೆರೆ ಹೊಡೆಯಿರಿ. ಎಲ್ಲಿಟ್ಟಿದ್ದಿರಿ ಅಂತ ಮಕ್ಕಳು ಎಷ್ಟು ಕೇಳಿದರೂ ಬಾಯಿ ಬಿಡಬೇಡಿ, ಬರುವ ವರ್ಷಕ್ಕೂ ಆ ಜಾಗ ಬೇಕಾಗುತ್ತದೆ.