ಅವ್ವನ ಫೋಟೊಗಳನ್ನು ಉಳಿಸಿಕೊಂಡ ಬಗೆ

ನಮ್ಮ ಕಲಬುರಗಿಯ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ಕಾರ್ಡಿಗೂ ಬ್ಯಾನರಿಗೂ ತಕ್ಷಣ ಒಂದು ಫೋಟೊ ಬೇಕಾಗುತ್ತದೆ. ಹಿರಿಯರು ಒಬ್ಬರೇ ಕೂತು ತೆಗೆಸಿಕೊಂಡ ಫೋಟೊ ಸಿಗುವುದು ಅಪರೂಪವಾದ್ದರಿಂದ, ಮದುವೆಯ ಗುಂಪು ಫೋಟೊದಿಂದಲೋ ಮತದಾರರ ಗುರುತಿನ ಚೀಟಿಯಿಂದಲೋ ಮುಖವನ್ನಷ್ಟೇ ಕತ್ತರಿಸಿ, ಹಿಂದೆ ನೀಲಿ ಬಣ್ಣ ತುಂಬಿ, ದೊಡ್ಡದು ಮಾಡಿ ಚೌಕಟ್ಟು ಹಾಕಿಸುತ್ತಾರೆ. ಚುನಾವಣಾ ಆಯೋಗ 1993ರಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತರದೇ ಹೋಗಿದ್ದರೆ ನಮ್ಮ ಬಳಗದ ಕೆಲವು ಹೆಂಗಸರ ಮುಖವೇ ಉಳಿಯುತ್ತಿರಲಿಲ್ಲ. ಗೋಡೆಗೆ ಅಷ್ಟು ಸಾಕು. ಆದರೆ ನೆನಪಿಗೆ ಪೂರ್ತಿ ಫೋಟೊ ಬೇಕು, ಅದರ ಬೆನ್ನೂ ಬೇಕು ಎಂಬುದು ಅವ್ವ ಹೋದ ಮೇಲೆ ಆಕೆಯ ಚಿತ್ರಗಳನ್ನೆಲ್ಲ ಒಂದೆಡೆ ತರಲು ಕೂತಾಗ ನನಗೆ ಮನದಟ್ಟಾಯಿತು.

ಫೋಟೊಗಳು ಆಳಂದ, ಸೇಡಂ, ಚಿಂಚೋಳಿಯ ಸಂಬಂಧಿಕರ ಮನೆಗಳಲ್ಲಿ ಹಂಚಿಹೋಗಿದ್ದವು. ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ನಿಮ್ಮ ಮನೆಯಲ್ಲೇ ಕೂತು ಪ್ರತಿ ತೆಗೆದುಕೊಳ್ಳುತ್ತೇನೆ ಎಂದರೆ ಚಹಾ ಕೊಟ್ಟು ಟ್ರಂಕು ತೆರೆಯುತ್ತಾರೆ. ಹಾಗಾಗಿ ಸ್ಕ್ಯಾನರನ್ನೂ ಲ್ಯಾಪ್‌ಟಾಪನ್ನೂ ಹೊತ್ತುಕೊಂಡೇ ಹೋದೆ. ಅವ್ವನ ಅಪ್ಪ, ಅಂದರೆ ನಮ್ಮ ಮುತ್ಯಾನ ಒಂದು ಫೋಟೊದ ಹಿಂದೆ ಉರ್ದುವಿನಲ್ಲಿ ಎರಡು ಸಾಲುಗಳಿದ್ದವು. ನಮ್ಮ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಶಾಲೆಗೆ ಹೋದ ಆ ತಲೆಮಾರಿನವರು ಬಹುಪಾಲು ಓದಿದ್ದು ಉರ್ದುವಿನಲ್ಲೇ. ಓಣಿಯ ನಿವೃತ್ತ ಮಾಸ್ತರರೊಬ್ಬರು ಓದಿ ಹೇಳಿದರು: ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಉರುಸಿನಲ್ಲಿ ತೆಗೆಸಿದ್ದು, ಜೊತೆಗಿರುವವನು ಗೆಳೆಯ. ಮನೆಯ ಚೌಕಟ್ಟಿನಲ್ಲಿದ್ದುದು ಇದೇ ಫೋಟೊದಿಂದ ಕತ್ತರಿಸಿದ ಮುಖ; ಗೆಳೆಯನೂ ಇಲ್ಲ, ಉರುಸೂ ಇಲ್ಲ.

ಮುತ್ಯಾನ ಆ ಕಪ್ಪು-ಬಿಳುಪು ಫೋಟೊ ಅವ್ವನ 1980ರ ದಶಕದ ಬಣ್ಣದ ಫೋಟೊಗಳಿಗಿಂತ ಚೆನ್ನಾಗಿ ಉಳಿದಿದೆ. ಕಪ್ಪು-ಬಿಳುಪಿನಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ, ಬಣ್ಣದ್ದರಲ್ಲಿ ರಾಸಾಯನಿಕ ಬಣ್ಣಗಳಿಂದ. ಈ ಬಣ್ಣಗಳು ಬೆಳಕಿಗೂ ಬಿಸಿಗೂ ಒಂದೊಂದು ಒಂದೊಂದು ವೇಗದಲ್ಲಿ ಮಾಸುವುದರಿಂದ ಹಸಿರು ಸೀರೆಯೂ ಕಂದಾಗಿ ಕಾಣುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ, ಅದರಲ್ಲೂ ತಗಡಿನ ಮಾಡಿನ ಮನೆಯಲ್ಲಿ, ಇದು ಇನ್ನೂ ಬೇಗ ಆಗುತ್ತದೆ. ಇನ್ನೊಂದು ತೊಂದರೆ ಪೂಜೆಯಿಂದ ಬರುವಂಥದು. ಗಾಜಿಗೆ ಹಚ್ಚಿದ ವಿಭೂತಿ, ಕುಂಕುಮಗಳನ್ನು ಹಬ್ಬಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವಾಗ ನೀರು ಅಂಚಿನಿಂದ ಒಳಗಿಳಿಯುತ್ತದೆ. ಫೋಟೊದ ಮೇಲ್ಪದರದ ಜೆಲಟಿನ್ ನೆನೆದು ಅಂಟಾಗಿ ಗಾಜಿಗೇ ಹಿಡಿದುಕೊಳ್ಳುತ್ತದೆ. ಅದನ್ನು ಕೀಳಲು ಹೋಗಲೇಬಾರದು, ಮುಖ ಗಾಜಿನ ಮೇಲೇ ಉಳಿದುಬಿಡುತ್ತದೆ. ಅಂಥವನ್ನು ನಾನು ಗಾಜಿನ ಸಮೇತವೇ ಸ್ಕ್ಯಾನ್ ಮಾಡಿದೆ. ಇದಕ್ಕೆ ತುಸು ದೂರವಿರುವುದನ್ನೂ ಸ್ಪಷ್ಟವಾಗಿ ಹಿಡಿಯುವ ಸಿಸಿಡಿ ಎಂಬ ಬಗೆಯ ಸೆನ್ಸರ್ ಇರುವ ಸ್ಕ್ಯಾನರೇ ಆಗಬೇಕು. ಸಿಐಎಸ್ ಎಂಬ ಇನ್ನೊಂದು ಬಗೆಯ ಸೆನ್ಸರಿನ ತೆಳ್ಳನೆಯ ಯಂತ್ರಗಳಲ್ಲಿ ಗಾಜಿನ ದಪ್ಪದಷ್ಟು ದೂರ ಹೋದರೂ ಚಿತ್ರ ಮಸುಕಾಗುತ್ತದೆ.

ಸಾಮಾನ್ಯ ಫೋಟೊಗಳನ್ನು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳಂತೆ, ಪಾಸ್‌ಪೋರ್ಟ್ ಅಳತೆಯವನ್ನು 1200ರಲ್ಲಿ, ಗುಣಮಟ್ಟ ಕುಗ್ಗಿಸದ ಟಿಫ್ ಫೈಲುಗಳ ರೂಪದಲ್ಲಿ, ಹಿಂದುಮುಂದು ಎರಡನ್ನೂ ಉಳಿಸಿದೆ. ತಿದ್ದುವುದೇನಿದ್ದರೂ ಪ್ರತಿಯ ಮೇಲೆ.

ತಿದ್ದುವ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಅವ್ವನಿಗೆ ಚಿಕ್ಕಂದಿನಲ್ಲಿ ಸಿಡುಬು ಆಗಿತ್ತು. ಎಡಗೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲಿ, ಕಲೆಗಳಿದ್ದವು. ಫೋಟೊ ಹೊಸದು ಮಾಡುತ್ತೇನೆನ್ನುವ ಎಐ ಆ್ಯಪ್ ಒಂದು ಅವನ್ನು ಧೂಳೆಂದು ಬಗೆದು ಅಳಿಸಿತು, ಬಿಸಿಲಿಗೆ ಕಿರಿದಾಗಿದ್ದ ಕಣ್ಣುಗಳನ್ನು ಅಗಲ ಮಾಡಿತು, ಇಲ್ಲದ ಹಲ್ಲನ್ನೂ ಕೂಡಿಸಿತು. ತಮ್ಮನ ಮಗಳು ಚಂದ ಇದೆ ಎಂದಳು. ಚಂದವೇನೋ ಹೌದು, ಆದರೆ ಆಕೆ ನಮ್ಮವ್ವನಲ್ಲ. ಗೀರು, ಮಡಿಕೆ, ಶಿಲೀಂಧ್ರದ ಚುಕ್ಕೆಗಳನ್ನಷ್ಟೇ ನಾನು ಕೈಯಾರೆ ತೆಗೆದೆ. ಮುಖದ ಮೇಲಿನವನ್ನು ಆಕೆಯನ್ನು ಬಲ್ಲವರನ್ನು ಕೇಳಿಯೇ ಮುಟ್ಟಿದೆ. ಆ್ಯಪ್ ಕೆಡಿಸಿದ ಅದೇ ಫೋಟೊದಲ್ಲಿ ಅವ್ವ ಶಹಾಬಾದ್ ಕಲ್ಲಿನ ಅಂಗಳದಲ್ಲಿ ಅಳುವ ಕೂಸನ್ನು ಎತ್ತಿಕೊಂಡಿದ್ದಾಳೆ, ಬಲ ಅಂಚಿನಿಂದ ಬಳೆ ತೊಟ್ಟ ಒಂದು ಕೈ ಗಿಲಕಿ ಆಡಿಸುತ್ತಿದೆ. ಆ ಕೈ ತನ್ನದೆಂದು ಸೇಡಂನ ದೊಡ್ಡವ್ವ ಗುರುತಿಸಿದಳು. ಕೂಸು ಯಾವುದು, ಏಕೆ ಅಳುತ್ತಿತ್ತು, ಫೋಟೊದವನು ಎಷ್ಟು ಬೈದ ಎಂದೆಲ್ಲ ಹೇಳುತ್ತ ಹೋದದ್ದನ್ನು ಫೋನಿನಲ್ಲಿ ದನಿಮುದ್ರಿಸಿಕೊಂಡು, ಅದೇ ಚಿತ್ರದ ಫೋಲ್ಡರಿನಲ್ಲಿಟ್ಟೆ.

ಮೂಲಗಳೀಗ ಒಂದೊಂದು ಕಾಗದದ ಲಕೋಟೆಯಲ್ಲಿ, ಪೆನ್ಸಿಲಿನಲ್ಲಿ ಬರೆದ ಹೆಸರುಗಳೊಂದಿಗೆ, ಒಳಕೋಣೆಯ ಅಲ್ಮಾರಿನಲ್ಲಿವೆ. ಒಂದು ಹಾರ್ಡ್ ಡಿಸ್ಕ್ ನನ್ನಲ್ಲಿ, ಇನ್ನೊಂದು ಪುಣೆಯ ತಮ್ಮನಲ್ಲಿ. ಬಳಗದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗುವುದರಿಂದ ಡಾಕ್ಯುಮೆಂಟ್ ಎಂದೇ ಕಳಿಸುತ್ತೇನೆ. ಕತ್ತರಿಸದೆ ಮುದ್ರಿಸಿಕೊಳ್ಳಿ ಎಂಬ ಒಂದು ಸಾಲನ್ನೂ ಜೊತೆಗೆ ಸೇರಿಸುತ್ತೇನೆ.